ಬಿಲ್ಲು ಕಟ್ಟುವವರ ದುಡ್ಡು, ಕಂಪನಿಯ ದನಿ

ವ್ಯಾಪಾರ ಮಾಡುವವರು ಸರ್ಕಾರದ ಬಾಗಿಲಿಗೆ ಹೋಗಿ ತಮ್ಮ ಮೇಲೆ ನಿಯಂತ್ರಣ ಹೇರಿ ಎಂದು ಕೇಳಿಕೊಳ್ಳುವುದು ಅಪರೂಪ. ಅಮೆರಿಕದ ವಿದ್ಯುತ್ ಕಂಪನಿಗಳ ಲಾಬಿಯ ಚರಿತ್ರೆ ಶುರುವಾಗುವುದೇ ಅಂಥ ಕೋರಿಕೆಯಿಂದ. ಥಾಮಸ್ ಎಡಿಸನ್ ಬಳಿ ಕಾರ್ಯದರ್ಶಿಯಾಗಿದ್ದು, ಮುಂದೆ ಷಿಕಾಗೋ ಎಡಿಸನ್ ಕಂಪನಿಯ ಮುಖ್ಯಸ್ಥನಾದ ಸ್ಯಾಮ್ಯುಯೆಲ್ ಇನ್ಸಲ್ 1898ರಲ್ಲಿ ನ್ಯಾಷನಲ್ ಎಲೆಕ್ಟ್ರಿಕ್ ಲೈಟ್ ಅಸೋಸಿಯೇಷನ್ ಎಂಬ ಉದ್ದಿಮೆ ಸಂಘದ ಅಧ್ಯಕ್ಷನಾಗಿ ಮಾಡಿದ ಭಾಷಣದ ತಿರುಳು ಇಷ್ಟು: ದರ ನಿಗದಿ ಮಾಡುವ ಅಧಿಕಾರ ರಾಜ್ಯದ ಆಯೋಗಕ್ಕೆ ಇರಲಿ, ಅದಕ್ಕೆ ಪ್ರತಿಯಾಗಿ ಒಂದು ಪ್ರದೇಶಕ್ಕೆ ಒಂದೇ ಕಂಪನಿ ಎಂಬ ಖಾತ್ರಿ ನಮಗೆ ಸಿಗಲಿ. ಆಗ ಊರೂರಿನ ಪುರಸಭೆಗಳು ತಾವೇ ವಿದ್ಯುತ್ ಕೊಡಲು ಹೊರಟಿದ್ದವು. ಪರವಾನಗಿ ಬೇಕೆಂದರೆ ಪುರಸಭೆ ಸದಸ್ಯರ ಕೈ ಬಿಸಿ ಮಾಡಬೇಕಾದ ಊರುಗಳೂ ಇದ್ದವು. ನೂರು ಪುರಸಭೆಗಳ ಜೊತೆ ಏಗುವುದಕ್ಕಿಂತ ಒಂದು ಆಯೋಗದ ಜೊತೆ ವ್ಯವಹರಿಸುವುದು ಲೇಸೆಂದು ಇನ್ಸಲ್ ಬಹುಬೇಗ ಕಂಡುಕೊಂಡಿದ್ದ.

1907ರಲ್ಲಿ ವಿಸ್ಕಾನ್ಸಿನ್ ಮತ್ತು ನ್ಯೂಯಾರ್ಕ್ ರಾಜ್ಯಗಳು ಅಂಥ ಆಯೋಗ ರಚಿಸಿದವು. ಉಳಿದ ಬಹುಪಾಲು ರಾಜ್ಯಗಳು ಅದೇ ಹಾದಿ ಹಿಡಿದವು. ಕಂಪನಿಯ ಖರ್ಚಿನ ಲೆಕ್ಕ ನೋಡಿ, ಹೂಡಿದ ಬಂಡವಾಳಕ್ಕೆ ಇಂತಿಷ್ಟು ಪ್ರತಿಫಲ ಸೇರಿಸಿ ಯೂನಿಟ್ಟಿಗೆ ದರ ಗೊತ್ತುಮಾಡುವ ಪದ್ಧತಿ ಹೀಗೆ ನೆಲೆಯೂರಿತು. 1999ರಲ್ಲಿ ಹುಟ್ಟಿದ ನಮ್ಮ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ (ಕೆಇಆರ್‌ಸಿ) ಇದೇ ವಂಶದ್ದು. ಇಲ್ಲಿಂದ ಮುಂದಿನದೆಲ್ಲ ಅರ್ಥವಾಗಬೇಕಾದರೆ ಒಂದು ಅಂಶ ಗಮನದಲ್ಲಿರಬೇಕು. ಇಂಥ ಕಂಪನಿಯ ಗ್ರಾಹಕ ಬೇರೆ ಅಂಗಡಿಗೆ ಹೋಗಲಾರ. ಕಂಪನಿಯ ಲಾಭ ಎಷ್ಟೆಂದು ತೀರ್ಮಾನವಾಗುವುದು ಸರ್ಕಾರದ ಕಚೇರಿಯಲ್ಲಿ. ಹಾಗಾಗಿ ಸರ್ಕಾರವನ್ನು ಒಲಿಸಿಕೊಳ್ಳುವುದು ಅದರ ದಿನನಿತ್ಯದ ಕೆಲಸವೇ ಆಗಿಬಿಡುತ್ತದೆ. ಆ ಕೆಲಸದ ಖರ್ಚು ಗ್ರಾಹಕನ ಬಿಲ್ಲಿನೊಳಗೆ ಸದ್ದಿಲ್ಲದೆ ಸೇರಿಕೊಳ್ಳಬಲ್ಲದು. ನೂರಿಪ್ಪತ್ತು ವರ್ಷಗಳ ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

1920ರ ದಶಕದಲ್ಲಿ ಅದು ಮರೆಮಾಚದೆ ನಡೆಯಿತು. ಉದ್ದಿಮೆ ಸಂಘವು ಶಾಲಾ ಪಠ್ಯಪುಸ್ತಕಗಳನ್ನು ತಡಕಿ, ಸಾರ್ವಜನಿಕ ಒಡೆತನದ ವಿದ್ಯುತ್ತನ್ನು ಹೊಗಳಿದ ಸಾಲುಗಳನ್ನು ತೆಗೆಸಲು ಪ್ರಕಾಶಕರ ಮೇಲೆ ಒತ್ತಡ ತಂದಿತು. ಪ್ರಾಧ್ಯಾಪಕರಿಗೆ ಹಣ ಕೊಟ್ಟಿತು. ಸಂಘದ ಮ್ಯಾನೇಜಿಂಗ್ ಡೈರೆಕ್ಟರ್ ಆಗಿದ್ದ ಮರ್ಲಿನ್ ಏಲ್ಸ್‌ವರ್ತ್, ಪ್ರಚಾರದ ಖರ್ಚಿಗೆ ಹೆದರಬೇಡಿ, ಅದನ್ನು ಭರಿಸುವುದು ಜನರೇ ಎಂದು ಕಂಪನಿಗಳವರಿಗೆ ಧೈರ್ಯ ತುಂಬಿದ್ದ. ಸೆನೆಟ್ಟಿನ ಸೂಚನೆಯಂತೆ ಫೆಡರಲ್ ಟ್ರೇಡ್ ಕಮಿಷನ್ 1928ರಿಂದ 1935ರವರೆಗೆ ನಡೆಸಿದ ತನಿಖೆಯಲ್ಲಿ ಈ ಮಾತೂ ದಾಖಲಾಯಿತು. ಹೆಸರು ಕೆಟ್ಟ ಸಂಘ 1933ರಲ್ಲಿ ಬಾಗಿಲು ಹಾಕಿತು. ಅದರ ಜಾಗಕ್ಕೆ ಎಡಿಸನ್ ಎಲೆಕ್ಟ್ರಿಕ್ ಇನ್‌ಸ್ಟಿಟ್ಯೂಟ್ ಬಂದಿತು. ಖಾಸಗಿ ವಿದ್ಯುತ್ ಕಂಪನಿಗಳ ಪ್ರಧಾನ ಲಾಬಿ ಸಂಸ್ಥೆ ಇಂದಿಗೂ ಅದೇ.

ಅಷ್ಟರಲ್ಲಿ ಕಂಪನಿಗಳ ಮೇಲೆ ಕಂಪನಿ ಕಟ್ಟಿದ ಹೋಲ್ಡಿಂಗ್ ಕಂಪನಿಗಳ ಗೋಪುರಗಳು ಕುಸಿದಿದ್ದವು. ಇನ್ಸಲ್‌ನ ಸಾಮ್ರಾಜ್ಯ 1932ರಲ್ಲಿ ಬಿದ್ದು ಲಕ್ಷಾಂತರ ಸಣ್ಣ ಹೂಡಿಕೆದಾರರು ಕೈಸುಟ್ಟುಕೊಂಡರು. ಈ ಗೋಪುರಗಳನ್ನು ಒಡೆಯಲು ರೂಸ್‌ವೆಲ್ಟ್ ಸರ್ಕಾರ 1935ರಲ್ಲಿ ಮಸೂದೆ ತಂದಾಗ ಕಾಂಗ್ರೆಸ್ ಸದಸ್ಯರ ಮೇಜುಗಳ ಮೇಲೆ ವಿರೋಧದ ತಂತಿಗಳು ರಾಶಿ ಬಿದ್ದವು. ಪೆನ್ಸಿಲ್ವೇನಿಯಾದ ಡೆನಿಸ್ ಡ್ರಿಸ್ಕಾಲ್ ಎಂಬ ಸದಸ್ಯನಿಗೆ ವಾರೆನ್ ಎಂಬ ಒಂದೇ ಪಟ್ಟಣದಿಂದ 816 ತಂತಿಗಳು ಬಂದವು. ಕಳಿಸಿದವರ ಹೆಸರುಗಳು ಹೆಚ್ಚಾಗಿ ವರ್ಣಮಾಲೆಯ ಮೊದಲ ಕೆಲವು ಅಕ್ಷರಗಳಿಂದಲೇ ಶುರುವಾಗುವುದು ಆತನ ಕಣ್ಣಿಗೆ ಬಿತ್ತು. ಕೆಲವರಿಗೆ ಮರುತ್ತರ ಬರೆದರೆ, ನಾವು ತಂತಿ ಕಳಿಸಿಯೇ ಇಲ್ಲ ಎಂಬ ಜವಾಬು ಬಂತು. ಸೆನೆಟರ್ ಹ್ಯೂಗೋ ಬ್ಲ್ಯಾಕ್ ನಡೆಸಿದ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಇದು: ಊರಿನ ಡೈರೆಕ್ಟರಿಯಿಂದ ಹೆಸರುಗಳನ್ನು ಸಾಲಾಗಿ ಎತ್ತಿಕೊಳ್ಳಲಾಗಿತ್ತು, ಸಹಿ ತರಲು ತಂತಿ ಹಂಚುವ ಹುಡುಗನಿಗೆ ಒಂದು ಸಹಿಗೆ ಮೂರು ಸೆಂಟು ಕೊಡಲಾಗಿತ್ತು, ತಂತಿಗಳ ಮೂಲಪ್ರತಿಗಳನ್ನು ಸುಡಲಾಗಿತ್ತು. ಇದರ ಹಿಂದೆ ಇದ್ದದ್ದು ಅಸೋಸಿಯೇಟೆಡ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿ. ಮಸೂದೆ ಕೊನೆಗೂ ಕಾಯ್ದೆಯಾಯಿತು. ವಿದ್ಯುತ್ ಕಂಪನಿಗಳ ಪರ ಲಾಬಿ ಮಾಡುವವರು ಸರ್ಕಾರದಲ್ಲಿ ನೋಂದಾಯಿಸಿಕೊಂಡು ಖರ್ಚಿನ ವಿವರ ಕೊಡಬೇಕೆಂಬ ನಿಯಮವೂ ಅದರಲ್ಲಿತ್ತು. ಬೇರೆ ಉದ್ದಿಮೆಗಳಿಗೆ ಅಂಥ ಕಟ್ಟಳೆ ಬರುವ ಮೊದಲೇ ವಿದ್ಯುತ್ತಿಗೆ ಬಂತೆಂಬುದು ಆ ಕಾಲದ ಸಿಟ್ಟಿನ ಅಳತೆ. ಎಪ್ಪತ್ತು ವರ್ಷ ಬಾಳಿದ ಈ ಕಾಯ್ದೆಯನ್ನು ಉದ್ದಿಮೆಯ ಸತತ ಒತ್ತಾಯದ ನಂತರ 2005ರಲ್ಲಿ ರದ್ದುಮಾಡಲಾಯಿತು.

ಎರಡನೇ ಮಹಾಯುದ್ಧದ ನಂತರದ ಎರಡು ದಶಕ ಬೇಡಿಕೆ ಏರುತ್ತ, ದರ ಇಳಿಯುತ್ತ ಇದ್ದದ್ದರಿಂದ ಜಗಳಗಳು ಕಡಿಮೆ. ಪರಿಸರದ ಪ್ರಶ್ನೆ ಎದ್ದದ್ದು 1970ರ ಶುದ್ಧ ಗಾಳಿ ಕಾಯ್ದೆಯಿಂದ. ಕಲ್ಲಿದ್ದಲು ಸುಟ್ಟಾಗ ಬರುವ ಗಂಧಕದ ಡೈಆಕ್ಸೈಡನ್ನು ಹೊಗೆಯಿಂದ ತೊಳೆದು ತೆಗೆಯುವ ಯಂತ್ರ ಹಾಕಿ ಎಂದು ಸರ್ಕಾರ ಹೇಳಿದರೆ, ಓಹಾಯೋ ಕಣಿವೆಯ ದೊಡ್ಡ ಕಂಪನಿ ಅಮೆರಿಕನ್ ಎಲೆಕ್ಟ್ರಿಕ್ ಪವರ್ ಎತ್ತರದ ಚಿಮಣಿ ಸಾಕು ಎಂದು ವಾದಿಸಿತು. ಪಶ್ಚಿಮ ವರ್ಜೀನಿಯಾದ ಮಿಚೆಲ್ ಸ್ಥಾವರದಲ್ಲಿ ಸುಮಾರು 1,200 ಅಡಿಯ ಚಿಮಣಿ ಎದ್ದಿತು. ತೈಲ ಬಿಕ್ಕಟ್ಟಿನ ಬೆನ್ನಲ್ಲೇ, 1974ರಲ್ಲಿ, ಈ ಯಂತ್ರಗಳ ವಿರುದ್ಧ ಕಂಪನಿ ಪತ್ರಿಕೆಗಳಲ್ಲಿ ಸಾಲುಸಾಲಾಗಿ ಜಾಹೀರಾತು ಕೊಟ್ಟಿತು. ಚಿಮಣಿ ಎತ್ತರವಾದಷ್ಟೂ ಹತ್ತಿರದ ಊರಿನ ಗಾಳಿ ಚೊಕ್ಕಟವಾಗಿ ಕಂಡಿತು. ಗಂಧಕ ಮಾತ್ರ ನೂರಾರು ಮೈಲಿ ತೇಲಿಹೋಗಿ ನ್ಯೂಯಾರ್ಕಿನ ಅಡಿರಾಂಡ್ಯಾಕ್ ಬೆಟ್ಟಗಳ ಕೆರೆಗಳಲ್ಲಿ, ಕೆನಡಾದಲ್ಲಿ ಆಮ್ಲಮಳೆಯಾಗಿ ಇಳಿಯಿತು. ಮೀನು ಸತ್ತ ಕೆರೆಯವರಿಗೂ ಓಹಾಯೋದ ಬಿಲ್ಲಿಗೂ ಸಂಬಂಧವೇ ಇರಲಿಲ್ಲ. ಆಮ್ಲಮಳೆ ತಡೆಯುವ ಕಾನೂನನ್ನು 1980ರ ದಶಕವಿಡೀ ಎಳೆದಾಡಿ ನಿಲ್ಲಿಸಲಾಯಿತು. 1990ರಲ್ಲಿ ಅದು ಬಂದಾಗ ತಗುಲಿದ ಖರ್ಚು ಕಂಪನಿಗಳು ಹೇಳಿದ್ದಕ್ಕಿಂತ ಬಹಳ ಕಡಿಮೆ.

ಈ ಅಧ್ಯಾಯವನ್ನು ನಮ್ಮವರು ಓದಬೇಕು. ಇಲ್ಲಿ ಎಫ್‌ಜಿಡಿ ಎಂದು ಕರೆಯುವ ಅದೇ ಯಂತ್ರವನ್ನು ಎರಡು ವರ್ಷದೊಳಗೆ ಹಾಕಬೇಕೆಂಬ ಅರ್ಥದ ಮಾನದಂಡವನ್ನು ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಹೊರಡಿಸಿತು. ರಾಯಚೂರು, ಬಳ್ಳಾರಿಯ ಸ್ಥಾವರಗಳಿಗೂ ಅದು ಅನ್ವಯವಾಗುತ್ತಿತ್ತು. ಖರ್ಚು ಹೆಚ್ಚು, ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಎಂದು ಉತ್ಪಾದಕರು ವಾದಿಸಿದರು, ವಿದ್ಯುತ್ ಸಚಿವಾಲಯ ಅವರ ಪರ ನಿಂತಿತು, ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ಗಂಧಕ ಕಡಿಮೆಯೆಂಬುದು ಸುಳ್ಳಲ್ಲ. ಆದರೆ ಹತ್ತು ವರ್ಷದ ಮುಂದೂಡಿಕೆಗೆ ಅದೊಂದೇ ಕಾರಣವೆಂದು ನಾನು ಒಪ್ಪಲಾರೆ.

ಹವಾಮಾನದ ವಿಷಯದಲ್ಲಿ ಉದ್ದಿಮೆಗೆ ತಿಳಿವಳಿಕೆ ತಡವಾಗಿ ಬಂದದ್ದಲ್ಲ. ಅಧ್ಯಕ್ಷ ಜಾನ್ಸನ್‌ರ ವಿಜ್ಞಾನ ಸಲಹೆಗಾರ ಡೊನಾಲ್ಡ್ ಹಾರ್ನಿಗ್ 1968ರಲ್ಲಿಯೇ ಎಡಿಸನ್ ಎಲೆಕ್ಟ್ರಿಕ್ ಇನ್‌ಸ್ಟಿಟ್ಯೂಟಿನ ಸಮ್ಮೇಳನದಲ್ಲಿ ಇಂಗಾಲದ ಡೈಆಕ್ಸೈಡಿನ ಅಪಾಯದ ಬಗ್ಗೆ ಮಾತನಾಡಿದ್ದ. ಆದರೂ 1991ರಲ್ಲಿ ಅದೇ ಸಂಸ್ಥೆ ಕಲ್ಲಿದ್ದಲು ಸಂಘಗಳ ಜೊತೆ ಸೇರಿ ಕೆಲವು ಸಣ್ಣ ನಗರಗಳಲ್ಲಿ ಪ್ರಾಯೋಗಿಕ ಜಾಹೀರಾತು ನಡೆಸಿತು. ಭೂಮಿ ಬಿಸಿಯಾಗುತ್ತಿರುವುದು ಬರೀ ಊಹೆ ಎಂದು ಜನರನ್ನು ನಂಬಿಸುವುದು ಅದರ ಘೋಷಿತ ಗುರಿ. ಈ ಕಾಗದಗಳು ಹೊರಬಿದ್ದ ಮೇಲೆ ಅಭಿಯಾನ ಬಿದ್ದುಹೋಯಿತು. 2009ರ ಹೊತ್ತಿಗೆ ಉದ್ದಿಮೆಯೇ ಒಡೆದಿತ್ತು. ಆಗ ಅಣು ಸ್ಥಾವರಗಳ ಒಡೆಯನಾಗಿದ್ದ ಎಕ್ಸೆಲಾನ್‌ಗೆ ಇಂಗಾಲದ ಮೇಲೆ ಬೆಲೆ ಬಿದ್ದರೆ ಲಾಭವಿತ್ತು. ಅದೂ, ಕ್ಯಾಲಿಫೋರ್ನಿಯಾದ ಪಿಜಿಅಂಡ್‌ಇಯೂ ಹವಾಮಾನ ನೀತಿಯ ಜಗಳದಲ್ಲಿ ಅಮೆರಿಕದ ವಾಣಿಜ್ಯ ಮಂಡಳಿ ತೊರೆದು ಬಂದವು. ಒಂದೇ ದನಿಯಲ್ಲಿ ಮಾತಾಡುವ ಉದ್ದಿಮೆಯೆಂಬ ಕಲ್ಪನೆ ಆ ವರ್ಷದ ಮಟ್ಟಿಗಂತೂ ಸರಿಯಲ್ಲ. ಅದೇ ವರ್ಷ ಕೆಳಮನೆ ದಾಟಿದ ಇಂಗಾಲ ವಹಿವಾಟಿನ ಮಸೂದೆ ಸೆನೆಟ್ಟಿನಲ್ಲಿ ಸತ್ತಿತು.

ನಂತರದ ಹೋರಾಟ ವಾಷಿಂಗ್ಟನ್ನಿನಿಂದ ರಾಜ್ಯಗಳಿಗೆ ಇಳಿದು ತಾರಸಿಯ ಸೌರ ಫಲಕಗಳ ಸುತ್ತ ನಡೆಯಿತು. ತಾರಸಿಯಲ್ಲಿ ವಿದ್ಯುತ್ ಮಾಡಿಕೊಳ್ಳುವ ಗ್ರಾಹಕ ಕಂಪನಿಯ ಕೈತಪ್ಪುತ್ತಾನೆಂಬ ಭಯ ಅದರ ಮೂಲ. ಆದರೆ ರಾಜ್ಯಗಳ ಮಟ್ಟದ ಅತ್ಯಂತ ಕೊಳಕು ಕಥೆ ಸೌರ ಫಲಕದ್ದಲ್ಲ, ಓಹಾಯೋದ ಅಣು ಸ್ಥಾವರಗಳದ್ದು. ಈರೀ ಸರೋವರದ ದಂಡೆಯ ಎರಡು ಅಣು ಸ್ಥಾವರಗಳನ್ನು ಉಳಿಸಲು ಫಸ್ಟ್‌ಎನರ್ಜಿ ಕಂಪನಿ ಸುಮಾರು ಆರು ಕೋಟಿ ಡಾಲರ್ ಹಣವನ್ನು ವಿಧಾನಸಭಾಧ್ಯಕ್ಷ ಲ್ಯಾರಿ ಹೌಸ್‌ಹೋಲ್ಡರ್‌ನ ಹಿಡಿತದ ಸಂಸ್ಥೆಗೆ ಹರಿಸಿತು. ಅದರ ಫಲವಾಗಿ 2019ರಲ್ಲಿ ಬಂದ ಕಾಯ್ದೆ ಅಣು ಸ್ಥಾವರಗಳಿಗೆ ಬಿಲ್ಲಿನ ಮೂಲಕ ನೆರವು ಕೊಟ್ಟದ್ದಲ್ಲದೆ ನವೀಕರಿಸಬಹುದಾದ ಇಂಧನದ ಗುರಿಯನ್ನು ಕತ್ತರಿಸಿತು, ಹಳೆಯ ಎರಡು ಕಲ್ಲಿದ್ದಲು ಸ್ಥಾವರಗಳಿಗೂ ನೆರವು ಕೊಟ್ಟಿತು. ಅವುಗಳಲ್ಲೊಂದು ಇರುವುದು ಪಕ್ಕದ ಇಂಡಿಯಾನಾದಲ್ಲಿ. ರಾಜ್ಯದ ನಿಯಂತ್ರಣ ಆಯೋಗಕ್ಕೆ ಅಧ್ಯಕ್ಷನಾಗಿ ಬರಲಿದ್ದ ವ್ಯಕ್ತಿಗೆ 43 ಲಕ್ಷ ಡಾಲರ್ ಕೊಟ್ಟದ್ದನ್ನೂ ಕಂಪನಿ ಆಮೇಲೆ ಒಪ್ಪಿಕೊಂಡಿತು. ಗ್ರಾಹಕನ ಪರ ಕಾವಲಿರಬೇಕಾದ ಕುರ್ಚಿ ಅದು. 2021ರಲ್ಲಿ ಕಂಪನಿಗೆ 23 ಕೋಟಿ ಡಾಲರ್ ದಂಡ ಬಿತ್ತು. ಹೌಸ್‌ಹೋಲ್ಡರ್‌ಗೆ 2023ರಲ್ಲಿ 20 ವರ್ಷ ಜೈಲಾಯಿತು. ಇಲಿನಾಯ್ಸ್‌ನಲ್ಲಿ ಕಾಮನ್‌ವೆಲ್ತ್ ಎಡಿಸನ್ ಕಂಪನಿ ಸಭಾಧ್ಯಕ್ಷ ಮೈಕೆಲ್ ಮ್ಯಾಡಿಗನ್‌ನ ಬೆಂಬಲಿಗರಿಗೆ ಕೆಲಸವಿಲ್ಲದ ಕೆಲಸ ಕೊಟ್ಟು 2020ರಲ್ಲಿ 20 ಕೋಟಿ ಡಾಲರ್ ದಂಡ ತೆತ್ತಿತು. 2025ರಲ್ಲಿ ಮ್ಯಾಡಿಗನ್‌ಗೆ ಏಳೂವರೆ ವರ್ಷದ ಶಿಕ್ಷೆಯಾಯಿತು.

ಲಂಚದ ಕಥೆಗಳು ಸುದ್ದಿಯಾಗುತ್ತವೆ. ಕಾನೂನಿನೊಳಗೇ ನಡೆಯುವುದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ, ಅದನ್ನು ನೋಡಬೇಕಾದರೆ ಲೆಕ್ಕದ ಪುಸ್ತಕ ತೆರೆಯಬೇಕು. ಕೇಂದ್ರದ ಇಂಧನ ನಿಯಂತ್ರಣ ಆಯೋಗ ಗೊತ್ತುಮಾಡಿದ ಲೆಕ್ಕಪದ್ಧತಿಯಲ್ಲಿ 426.4 ಎಂಬ ಖಾತೆ ರಾಜಕೀಯ ಚಟುವಟಿಕೆಗಳದ್ದು. ಅಲ್ಲಿ ಬರೆದ ಹಣವನ್ನು ಸಾಮಾನ್ಯವಾಗಿ ಷೇರುದಾರರೇ ಹೊರಬೇಕು. ಉದ್ದಿಮೆ ಸಂಘಗಳ ಚಂದಾ ಹೋಗುವುದು 930.2ಕ್ಕೆ, ಅದು ಗ್ರಾಹಕರಿಂದ ವಸೂಲಾಗಬಲ್ಲ ಸಾಮಾನ್ಯ ವೆಚ್ಚ. ಚಂದಾದಲ್ಲಿ ಲಾಬಿಯ ಪಾಲು ಎಷ್ಟೆಂದು ಹೇಳುವುದು ಸಂಘವೇ. ಲಾಬಿ ಎಂಬುದರ ವ್ಯಾಖ್ಯೆ ಕಿರಿದಾಗಿರುವುದರಿಂದ ಜಾಹೀರಾತು, ಸಂಶೋಧನೆ, ಮೊಕದ್ದಮೆಯ ತಯಾರಿಗಳೆಲ್ಲ ಹೊರಗುಳಿದು ಬಿಲ್ಲಿನ ಕಡೆ ಜಾರುತ್ತವೆ. ಪರಿಸರ ನಿಯಮಗಳ ವಿರುದ್ಧ ದಶಕಗಳ ಕಾಲ ಮೊಕದ್ದಮೆ ಹೂಡಿದ ಯುಟಿಲಿಟಿ ಏರ್ ರೆಗ್ಯುಲೇಟರಿ ಗ್ರೂಪ್ ನಡೆದದ್ದು ಕಂಪನಿಗಳ ಚಂದಾದಿಂದ. ಅದರ ವಕೀಲನಾಗಿದ್ದ ವಿಲಿಯಂ ವೇರಂ 2017ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆಯ ವಾಯು ವಿಭಾಗದ ಮುಖ್ಯಸ್ಥನಾದ. ಸಂಸತ್ತಿನ ಸಮಿತಿ ಪ್ರಶ್ನೆ ಎತ್ತಿದ ಮೇಲೆ, 2019ರಲ್ಲಿ, ಗುಂಪು ವಿಸರ್ಜನೆಯಾಯಿತು.

ಈ ಖಾತೆಗಳ ನಡುವಿನ ಗೆರೆಯನ್ನು ಸರಿಯಾಗಿ ಎಳೆಯಿರಿ ಎಂಬ ಅರ್ಜಿ ಬಂದ ಮೇಲೆ ಕೇಂದ್ರ ಆಯೋಗ 2021ರ ಡಿಸೆಂಬರಿನಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ರಾಜ್ಯಗಳು ಅದಕ್ಕಾಗಿ ಕಾಯಲಿಲ್ಲ. 2023ರಲ್ಲಿ ಕೊಲರಾಡೊ, ಕನೆಕ್ಟಿಕಟ್, ಮೇನ್ ರಾಜ್ಯಗಳು ಲಾಬಿಯ ಖರ್ಚನ್ನೂ ಉದ್ದಿಮೆ ಸಂಘಗಳ ಚಂದಾವನ್ನೂ ಗ್ರಾಹಕರ ದರಕ್ಕೆ ಸೇರಿಸುವಂತಿಲ್ಲವೆಂದು ಕಾಯ್ದೆ ಮಾಡಿದವು. ಕಂಪನಿಗಳು ಲಾಬಿ ಮಾಡಬಾರದೆಂದು ಈ ಕಾಯ್ದೆಗಳು ಹೇಳುವುದಿಲ್ಲ. ಮಾಡಲಿ, ಷೇರುದಾರರ ಹಣದಲ್ಲಿ ಮಾಡಲಿ ಎನ್ನುತ್ತವೆ. ಏಲ್ಸ್‌ವರ್ತ್ ಕೊಟ್ಟ ಧೈರ್ಯಕ್ಕೆ ಶಾಸನಸಭೆಗಳು ಇಷ್ಟು ಸ್ಪಷ್ಟ ಉತ್ತರ ಕೊಡಲು ಹೆಚ್ಚುಕಡಿಮೆ ನೂರು ವರ್ಷ ಬೇಕಾಯಿತು, ಅದೂ ಆ ವರ್ಷ ಐವತ್ತು ರಾಜ್ಯಗಳಲ್ಲಿ ಮೂರರಲ್ಲಿ.