ಡಿಎನ್‌ಎಗೆ ಸೂಜಿಗಣ್ಣು ಸಿಕ್ಕಿತು, ಬ್ರೇಕ್ ಸಿಗಲಿಲ್ಲ

ಸೂಜಿಗೆ ದಾರ ಪೋಣಿಸುವ ಕಷ್ಟ ಎಲ್ಲರಿಗೂ ಗೊತ್ತು. ಆ ದಾರದ ದಪ್ಪ ಬರೀ 2 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಐದು ಲಕ್ಷದಲ್ಲೊಂದು ಭಾಗ ಇದ್ದರೆ? ಡಿಎನ್‌ಎ ಜೋಡಿ ಎಳೆ ಇರುವುದು ಅಷ್ಟೇ ದಪ್ಪ. ಅದನ್ನೂ ಪೋಣಿಸಿದವರಿದ್ದಾರೆ ನೋಡಿ!

ಇದರ ಮೂಲ ರಕ್ತಕಣ ಎಣಿಸುವ ಯಂತ್ರದಲ್ಲಿದೆ. ಅಮೆರಿಕದ ವ್ಯಾಲೇಸ್ ಕೌಲ್ಟರ್ ಅದಕ್ಕೆ 1953ರಲ್ಲಿ ಪೇಟೆಂಟ್ ಪಡೆದರು. ಉಪ್ಪುನೀರು, ಅದರ ನಡುವೆ ಒಂದು ಸಣ್ಣ ತೂತು, ತೂತಿನ ಮೂಲಕ ವಿದ್ಯುತ್. ಕಣವೊಂದು ತೂರಿದಾಗ ವಿದ್ಯುತ್ತಿಗೆ ಕ್ಷಣಕಾಲ ಅಡ್ಡಿಯಾಗುತ್ತದೆ. ಆ ಅಡ್ಡಿಗಳನ್ನು ಎಣಿಸಿದರೆ ಮುಗಿಯಿತು.

ಇಂಥದೇ ಉಪಾಯದಿಂದ ಡಿಎನ್‌ಎ ಅಕ್ಷರಗಳನ್ನು ಓದಬಹುದಲ್ಲವೇ ಎಂದು ಡೇವಿಡ್ ಡೀಮರ್ 1989ರಲ್ಲಿ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದರು. 1996ರಲ್ಲಿ ಅವರೂ ಸಂಗಡಿಗರೂ ಬ್ಯಾಕ್ಟೀರಿಯಾದ ಒಂದು ಪ್ರೋಟೀನ್ ರಂಧ್ರದಲ್ಲಿ ಒಂಟಿ ಎಳೆಗಳನ್ನು ತೂರಿಸಿ ತೋರಿಸಿದರು. ಆದರೆ ಆ ರಂಧ್ರದ ಅತಿ ಕಿರಿದಾದ ಜಾಗ ಸುಮಾರು 1.4 ನ್ಯಾನೋಮೀಟರ್. ಜೋಡಿ ಎಳೆ ಹಿಡಿಸದು. ರಂಧ್ರ ಕೂತಿದ್ದ ಕೊಬ್ಬಿನ ಪೊರೆಯೂ ಬಲು ನಾಜೂಕು.

ಸರಿ, ಗಟ್ಟಿ ವಸ್ತುವಿನಲ್ಲೇ ತೂತು ಮಾಡೋಣ ಎಂದು ಹೊರಟರು. 2001ರಲ್ಲಿ ಹಾರ್ವರ್ಡ್‌ನ ಜೀನ್ ಗೊಲೊವ್‌ಚೆಂಕೊ ತಂಡ ಸಿಲಿಕಾನ್ ನೈಟ್ರೈಡ್ ಹಾಳೆಯ ಮೇಲೆ ಅಯಾನು ಕಿರಣ ಬಿಟ್ಟಿತು. ಸ್ವಾರಸ್ಯವೇನೆಂದರೆ, ಕೆಲವು ಸ್ಥಿತಿಗಳಲ್ಲಿ ಕಿರಣ ತೂತನ್ನು ಹಿಗ್ಗಿಸುವ ಬದಲು ಮುಚ್ಚುತ್ತಾ ಬಂತು! ಬೇಕಾದ ಗಾತ್ರಕ್ಕೆ ಬಂದಾಗ ನಿಲ್ಲಿಸಿದರಾಯಿತು. 2003ರಲ್ಲಿ ಡೆಲ್ಫ್ಟ್‌ನ ಸೀಸ್ ಡೆಕ್ಕರ್ ತಂಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ ತೂತನ್ನು ಕುಗ್ಗಿಸಿತು.

ಡಿಎನ್‌ಎಗೆ ಋಣ ವಿದ್ಯುದಂಶ ಇರುವುದರಿಂದ ಧನ ಧ್ರುವದ ಕಡೆ ತಾನೇ ಓಡುತ್ತದೆ. ಕೆಲವೊಮ್ಮೆ ಮಡಚಿಕೊಂಡೂ ತೂರುತ್ತದೆ. ಆಗ ವಿದ್ಯುತ್ತಿಗೆ ಎರಡು ಪಟ್ಟು ಅಡ್ಡಿ. 2005ರಲ್ಲಿ ಡೆಲ್ಫ್ಟ್ ತಂಡ ಇನ್ನೊಂದು ವಿಷಯ ಕಂಡುಕೊಂಡಿತು. ಎಳೆಯ ಉದ್ದ ಎರಡು ಪಟ್ಟಾದರೆ ತೂರುವ ಸಮಯ ಸುಮಾರು 2.4 ಪಟ್ಟು! ಹೊರಗೆ ಉಳಿದ ಉಂಡೆಯನ್ನೂ ನೀರಿನಲ್ಲಿ ಎಳೆದುಕೊಂಡು ಬರಬೇಕಲ್ಲ, ಅದಕ್ಕೇ ಎಂದು ಅವರು ವಿವರಿಸಿದರು.

ಇಷ್ಟಾದರೂ ಅಕ್ಷರ ಓದಲಾಗಲಿಲ್ಲ. ಕಾರಣ ವೇಗ. ಒಂದು ಮೈಕ್ರೋಸೆಕೆಂಡಿನಲ್ಲಿ ಹತ್ತಾರು ಅಕ್ಷರ ದಾಟಿಹೋದರೆ ಯಾವ ಉಪಕರಣ ಓದೀತು?

ಬ್ರೇಕ್ ಹಾಕಿದ್ದು ಜೀವಕೋಶದ್ದೇ ಸರಕು. 2012ರಲ್ಲಿ ಒಂದು ಕಿಣ್ವವನ್ನು ಪ್ರೋಟೀನ್ ರಂಧ್ರದ ಬಾಗಿಲಲ್ಲಿ ಕೂರಿಸಿ, ಎಳೆಯನ್ನು ಒಂದೊಂದೇ ಅಕ್ಷರವಾಗಿ ಸರಿಸಿದರು. 2014ರಲ್ಲಿ ಅಂಗೈಯಗಲದ ಮಿನ್‌ಅಯಾನ್ ಯಂತ್ರ ಸಂಶೋಧಕರ ಕೈಸೇರಿತು. 2016ರಲ್ಲಿ ಅದು ಅಂತರಿಕ್ಷ ನಿಲ್ದಾಣದಲ್ಲೂ ಡಿಎನ್‌ಎ ಓದಿತು. ಅದರೊಳಗಿರುವುದು ಪ್ರೋಟೀನ್ ರಂಧ್ರವೇ.

ಹಾಗಾದರೆ ಗಟ್ಟಿ ತೂತು ಸೋತಿತೇ? ಓದುವ ಪಂದ್ಯದಲ್ಲಿ ಹೌದು. ಆದರೆ ಉದ್ದನೆಯ ಜೋಡಿ ಎಳೆಯೊಂದು ಹೇಗೆ ಮಡಚಿ, ಏದುಸಿರು ಬಿಡುತ್ತಾ ತೂರುತ್ತದೆ ಎಂದು ನಮಗೆ ತೋರಿಸಿಕೊಟ್ಟಿದ್ದು ಅದೇ. ಅದೇನು ಕಡಿಮೆಯೇ, ನೀವೇ ಹೇಳಿ.