ನಲ್ಲಿ ಬಂತು, ಕೆರೆ ಹೋಯ್ತು

ಬೆಂಗಳೂರಿನ ಕೆರೆಗಳನ್ನು ಕೊಂದವರು ಯಾರು ಅಂತ ಕೇಳಿದರೆ ಎಲ್ಲರೂ ಹೇಳೋದು ಬಿಲ್ಡರುಗಳು, ರಾಜಕಾರಣಿಗಳು ಅಂತ. ನಮ್ಮಂಥ ಐಟಿಯವರಿಗೂ ಬೈಗುಳದಲ್ಲಿ ಒಂದು ಪಾಲು ಸಿಗುತ್ತೆ, ಸಿಗಲಿ ಬಿಡಿ. ಆದರೆ ಹಳೆಯ ಇಸವಿಗಳನ್ನು ಸಾಲಾಗಿಟ್ಟು ನೋಡಿದಾಗ ನನಗೆ ಮೊದಲು ಅನುಮಾನ ಬಂದಿದ್ದು ಮನೆಯ ನಲ್ಲಿಯ ಮೇಲೆ!

ಬೆಂಗಳೂರು ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಊರು. ಪಕ್ಕದಲ್ಲಿ ದೊಡ್ಡ ನದಿ ಇಲ್ಲ. ಮಳೆನೀರಿಗೆ ಏರಿ ಕಟ್ಟಿ ನಿಲ್ಲಿಸಿಕೊಳ್ಳೋದೇ ದಾರಿ. ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ... ತೂಬು ತೆಗೆದು ಗದ್ದೆಗೆ ನೀರು ಬಿಡಲು ನೀರುಗಂಟಿ ಇದ್ದ. ಬೇಸಿಗೆಯಲ್ಲಿ ಹೂಳೆತ್ತಿ ಹೊಲಕ್ಕೆ ಹಾಕುತ್ತಿದ್ದರು. ಇದೇನು ಪರಿಸರಪ್ರೇಮ ಅಲ್ಲ ನೋಡಿ. ಕೆರೆ ಕೆಟ್ಟರೆ ಕುಡಿಯೋಕೆ ನೀರಿಲ್ಲ, ಅಷ್ಟೇ.

ಆ ಕಾಲ ಸ್ವರ್ಗವಾಗಿತ್ತು ಅಂತಲೂ ನಾನು ಹೇಳೋಲ್ಲ. 1876-78ರ ಕ್ಷಾಮದಲ್ಲಿ ಮಳೆ ಕೈಕೊಟ್ಟಾಗ ಕೆರೆಗಳೂ ಕೈಕೊಟ್ಟವು. ಹಾಗಾಗಿ 1890ರ ದಶಕದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಹೆಸರಘಟ್ಟದಿಂದ ಪೈಪಿನಲ್ಲಿ ನೀರು ತಂದರು. 1933ರಲ್ಲಿ ತಿಪ್ಪಗೊಂಡನಹಳ್ಳಿ. 1974ರಲ್ಲಿ ಕಾವೇರಿ! ಸುಮಾರು 100 ಕಿ.ಮೀ. ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆ ಪಂಪ್ ಮಾಡಿ ತಂದ ನೀರು. ಎಂಜಿನಿಯರಿಂಗ್ ಓದಿದವನಾಗಿ ಇದಕ್ಕೆ ಸಲಾಂ ಹೊಡೆಯದೆ ಇರಲಾರೆ.

ಆದರೆ ಊರೊಳಗಿನ ಕೆರೆಗೆ ಇನ್ನೇನು ಕೆಲಸ? ನೀರುಗಂಟಿಗೆ ಏನು ಕೆಲಸ? ಪೇಟೆಗೆ ನೀರು ಕೊಡುತ್ತಿದ್ದ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಲ್ಲೊಂದು ಪುಟ್ಟ ಕೊಳ ಮಾತ್ರ ಉಳಿದಿದೆ, ಅದೂ ಕರಗದ ಪೂಜೆಗೆ ಬೇಕು ಅಂತ. ಕುಡಿಯೋಕೆ ಬೇಡವಾದ ಮೇಲೂ ದೇವರಿಗೆ ಬೇಕಾಗಿದ್ದಕ್ಕೆ ಅಷ್ಟಾದರೂ ಉಳಿಯಿತು.

ಕೆರೆಗಳನ್ನು ಮರೆತು ಸುಮ್ಮನಿದ್ದಿದ್ದರೂ ಆಗುತ್ತಿತ್ತೇನೋ. ಅಷ್ಟು ದೂರದಿಂದ ತಂದ ನೀರು ಮನೆಯೊಳಗೆ ಉಳಿಯೋಲ್ಲವಲ್ಲ, ಬಹುಪಾಲು ಬಚ್ಚಲಿನಿಂದ ಹೊರಗೆ ಹೋಗುತ್ತೆ. ಇಳಿಜಾರು ಇರೋದು ಅದೇ ಹಳೆಯ ರಾಜಕಾಲುವೆಗಳಲ್ಲಿ. ಮಳೆನೀರಿನ ದಾರಿ ಕೊಳಚೆಯ ದಾರಿಯಾಯಿತು. ಸರಪಳಿಯ ಕೆಳಗಡೆ ಇರೋ ಬೆಳ್ಳಂದೂರು ಕೆರೆಗೆ ಅರ್ಧ ಊರಿನ ಸೋಪು, ಡಿಟರ್ಜೆಂಟು ಎಲ್ಲಾ ಹೋಗಿ ಸೇರಿತು. 2015ರಲ್ಲಿ ಅಲ್ಲಿನ ನೊರೆ ರಸ್ತೆಗೆ ಹಾರಿ ಬರುತ್ತಿತ್ತು. 2017ರಲ್ಲೂ 2018ರಲ್ಲೂ ಕೆರೆಯಲ್ಲೇ ಬೆಂಕಿ! ಕೆರೆಗೆ ಬೆಂಕಿ ಬೀಳುತ್ತೆ ಅಂದರೆ ನಮ್ಮಜ್ಜಿ ನಂಬುತ್ತಿರಲಿಲ್ಲ.

ಕಥೆ ಇಲ್ಲಿಗೇ ನಿಂತಿಲ್ಲ. 2018ರಿಂದ ಇದೇ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಬತ್ತಿದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಅಲ್ಲಿ ಅಂತರ್ಜಲ ಮೇಲೆ ಬಂದಿದೆ. ಮೂರನೇ ಹಂತದ ಶುದ್ಧೀಕರಣವೂ ಆಗಲೇಬೇಕು ಅಂತ ಅಲ್ಲಿನ ರೈತರು ಪಟ್ಟು ಹಿಡಿದಿದ್ದಾರೆ. ಅವರು ಕೇಳೋದರಲ್ಲಿ ತಪ್ಪೇನಿದೆ ಹೇಳಿ? ನಾವು ಬೆಂಗಳೂರಿನಲ್ಲಿ ಸ್ನಾನ ಮಾಡಿ ಬಿಟ್ಟ ಕಾವೇರಿ ಈಗ ಅವರ ಕೊಳವೆಬಾವಿಯ ನೆರೆಯಲ್ಲಿ ನಿಂತಿದ್ದಾಳೆ.