ಹಾಸನ ಸೀಮೆಯ ರಕ್ಷಣಾ ಸೇವೆ ಮತ್ತು ಪಿಂಚಣಿ: ನೆತ್ತರುಗೊಡಗೆಯಿಂದ ಎನ್‌ಪಿಎಸ್‌ವರೆಗೆ

ಪಿಂಚಣಿಯ ಚರಿತ್ರೆಯನ್ನು ಬ್ರಿಟಿಷರ ಕಾಲದಿಂದ, ಅಂದರೆ 1871ರ ಪಿಂಚಣಿ ಕಾಯ್ದೆಯಿಂದ ಶುರು ಮಾಡುವುದು ರೂಢಿ. ಹಾಸನ ಜಿಲ್ಲೆಯ ಮಟ್ಟಿಗೆ ಅದು ಬಹಳ ತಡವಾದ ಆರಂಭ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತು, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರ ಶಾಸನದ ತಿರುಳೇ ಸೇವೆಗೆ ಸಂದ ಪ್ರತಿಫಲ. ಯುದ್ಧದಲ್ಲಿ ಪರಾಕ್ರಮ ಮೆರೆದ ವಿಜ ಅರಸನಿಗೆ ಎರಡು ಊರುಗಳನ್ನು ‘ಬಾಳ್ಗಳ್ಚು’ (ಕತ್ತಿ ತೊಳೆಯುವ ದತ್ತಿ) ಎಂದು ಬಿಟ್ಟುಕೊಟ್ಟ ದಾಖಲೆ ಅದು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟದಲ್ಲಿ ಪ್ರಕಟಿಸಿದರು. ವೀರಗಲ್ಲುಗಳ ನಾಡು ಇದು. ತುರು ಕಾಯುತ್ತಲೋ ಊರಳಿವನ್ನು ತಡೆಯುತ್ತಲೋ ಮಡಿದವನ ಮನೆಯವರಿಗೆ ಬಿಡುತ್ತಿದ್ದ ಭೂಮಿಗೆ ಕನ್ನಡ ಶಾಸನಗಳಲ್ಲಿ ನೆತ್ತರುಗೊಡಗೆ ಎಂಬ ಹೆಸರಿದೆ. ಅದನ್ನು ಇಂದಿನ ಅರ್ಥದ ಪಿಂಚಣಿ ಎನ್ನಲಾಗದು. ಅರಸನ ಅಥವಾ ಊರಿನ ಮನಸ್ಸಿದ್ದಂತೆ ಸಿಗುತ್ತಿದ್ದ ದತ್ತಿ ಅದು. ಆದರೂ ಊರಿಗಾಗಿ ಜೀವ ಕೊಟ್ಟವನ ಮನೆಯ ಅನ್ನದ ಹೊಣೆ ಊರಿನದೇ ಎಂಬ ತಿಳಿವಳಿಕೆ ಅದರಲ್ಲಿ ಸ್ಪಷ್ಟವಾಗಿದೆ. ಹಳ್ಳಿಯ ಕಾವಲಿನ ತಳವಾರನಿಗೂ ಇನಾಮು ಜಮೀನಿತ್ತು. ವಂಶಪಾರಂಪರ್ಯದ ಈ ಗ್ರಾಮಾಧಿಕಾರಗಳನ್ನು 1961ರ ಕಾಯ್ದೆ ತೆಗೆದುಹಾಕಿತು.

ಅಷ್ಟರಲ್ಲಿ ಭೂಮಿಯ ಜಾಗಕ್ಕೆ ನಗದು ಬಂದಿತ್ತು. 1958ರ ನಾಗರಿಕ ಸೇವಾ ನಿಯಮಾವಳಿ, ನೌಕರರು ಇಂದಿಗೂ ಕೆ.ಸಿ.ಎಸ್.ಆರ್. ಎನ್ನುವುದು, ಪಿಂಚಣಿಗೆ ನಿಯಮದ ಬಲ ಕೊಟ್ಟಿತು. 1964ರ ಕುಟುಂಬ ಪಿಂಚಣಿ ನಿಯಮಗಳು ನೌಕರನ ನಂತರವೂ ಮನೆಯವರಿಗೆ ಆಸರೆಯಾದವು. ಅದೇ 1964ರ ಅಗ್ನಿಶಾಮಕ ದಳ ಕಾಯ್ದೆಯಡಿ ಬೆಂಕಿ ನಂದಿಸುವವರ ಸೇವೆಗೂ ಪ್ರತ್ಯೇಕ ಕಾನೂನಿನ ಬುನಾದಿ ಸಿಕ್ಕಿತು. ಪಿಂಚಣಿ ಸರ್ಕಾರದ ಕೃಪೆಯಲ್ಲ, ಹಕ್ಕು ಎಂದು ಸುಪ್ರೀಂ ಕೋರ್ಟ್ 1971ರ ದೇವಕಿನಂದನ ಪ್ರಸಾದ್ ಪ್ರಕರಣದಲ್ಲೂ 1982ರ ಡಿಸೆಂಬರ್ 17ರ ನಕಾರಾ ತೀರ್ಪಿನಲ್ಲೂ ಹೇಳಿತು.

ಈ ಧಾರೆ ಕಡಿದದ್ದು 2006ರ ಏಪ್ರಿಲ್ 1ರಂದು. ಅಂದಿನಿಂದ ಸೇರಿದ ರಾಜ್ಯ ನೌಕರರೆಲ್ಲ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ, ಅಂದರೆ ಎನ್‌ಪಿಎಸ್‌ಗೆ ಒಳಪಟ್ಟರು. ವೇತನದಲ್ಲಿ ನೌಕರನ ವಂತಿಗೆ ಶೇ 10, ಸರ್ಕಾರದ್ದೂ ಮೊದಲು ಶೇ 10, 2019ರಿಂದ ಶೇ 14. ಸರ್ಕಾರದ ವಾದವನ್ನು ತಳ್ಳಿಹಾಕುವಂತಿಲ್ಲ: ಹಳೆ ಪಿಂಚಣಿಗೆ ಕೂಡಿಟ್ಟ ನಿಧಿಯಿಲ್ಲ, ಆಯಾ ವರ್ಷದ ವರಮಾನದಿಂದಲೇ ತೆರಬೇಕು, ಆಯುಷ್ಯ ಹೆಚ್ಚಿದಂತೆ ಹೊರೆಯೂ ಹೆಚ್ಚುತ್ತದೆ. ಆದರೆ ಹೊರೆ ಇಳಿಸಿದ್ದು ಯಾರ ಹೆಗಲಿಗೆ?

ಒಂದು ಲೆಕ್ಕ ಹಾಕಿ ನೋಡೋಣ. ಕೊನೆಯ ಮೂಲ ವೇತನ 60,000 ರೂಪಾಯಿ ಇದ್ದ ಹೆಡ್ ಕಾನ್‌ಸ್ಟೆಬಲ್‌ಗೆ ಪೂರ್ಣ ಸೇವೆಯಿದ್ದರೆ ಹಳೆ ಪದ್ಧತಿಯಲ್ಲಿ 30,000 ಪಿಂಚಣಿ, ಮೇಲೆ ತುಟ್ಟಿಭತ್ಯೆ. ಎನ್‌ಪಿಎಸ್ ಖಾತೆಯಲ್ಲಿ 50 ಲಕ್ಷ ಕೂಡಿತ್ತೆಂದುಕೊಂಡರೆ 30 ಲಕ್ಷ ಕೈಗೆ ಬರುತ್ತದೆ. ವರ್ಷಾಶನಕ್ಕೆ ತೊಡಗಿಸುವ ಉಳಿದ 20 ಲಕ್ಷಕ್ಕೆ ವರ್ಷಕ್ಕೆ ಶೇ 6ರಂತೆ ತಿಂಗಳಿಗೆ 10,000. ಬೆಲೆ ಏರಿದರೂ ಅದು ಏರುವುದಿಲ್ಲ. ಇದರ ಪೂರ್ಣ ಪೆಟ್ಟು ಇನ್ನೂ ಕಣ್ಣಿಗೆ ಬಿದ್ದಿಲ್ಲ. 22ರ ವಯಸ್ಸಿನಲ್ಲಿ 2006ರಲ್ಲಿ ಸೇರಿದವರಿಗೆ 60 ತುಂಬುವುದು 2044ರಲ್ಲಿ.

ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ, 2018ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ಬಂದೋಬಸ್ತಿಗೆ ನಿಂತ ಪೊಲೀಸರಲ್ಲಿ 2006ರ ಗೆರೆಗೆ ಮುಂಚೆ ಸೇರಿದವರೂ ಆಮೇಲೆ ಸೇರಿದವರೂ ಇದ್ದರು. ಲಾಠಿ ಒಂದೇ, ಬಿಸಿಲು ಒಂದೇ, ಮುಪ್ಪಿನ ಭರವಸೆ ಮಾತ್ರ ಬೇರೆ. ಹೇಮಾವತಿಯಲ್ಲಿ ಮುಳುಗಿದವರನ್ನು ಮೇಲೆತ್ತಲು ನೀರಿಗಿಳಿಯುವ ಅಗ್ನಿಶಾಮಕ ಸಿಬ್ಬಂದಿಯ ಪಾಡೂ ಇದೇ. ಕೇಂದ್ರವು 2004ರಲ್ಲಿ ಎನ್‌ಪಿಎಸ್ ತಂದಾಗ ಸೇನೆಯನ್ನು ಹೊರಗಿಟ್ಟಿತು. ಜೀವದ ಹಂಗು ತೊರೆದು ದುಡಿಯುವ ಪೊಲೀಸರಿಗೂ ಅಗ್ನಿಶಾಮಕರಿಗೂ ಆ ವಿನಾಯಿತಿ ಸಿಗಲಿಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಿಗೆ ಹಳೆ ಪಿಂಚಣಿ ಸಲ್ಲಬೇಕೆಂದು ದೆಹಲಿ ಹೈಕೋರ್ಟ್ 2023ರ ಜನವರಿಯಲ್ಲಿ ಹೇಳಿತಾದರೂ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು.

ನನಗೆ ಹೆಚ್ಚು ನೋವಾಗುವುದು ಇನ್ನೊಂದು ಸಂಗತಿಯಿಂದ. 2023ರ ಮಾರ್ಚ್ 1ರಂದು ರಾಜ್ಯ ನೌಕರರು ಮುಷ್ಕರಕ್ಕೆ ಇಳಿದ ದಿನವೇ ಸರ್ಕಾರ ಶೇ 17 ಮಧ್ಯಂತರ ಪರಿಹಾರ ಘೋಷಿಸಿ, ಹಳೆ ಪಿಂಚಣಿಯ ಅಧ್ಯಯನಕ್ಕೆ ಸಮಿತಿ ರಚಿಸಲು ಒಪ್ಪಿತು. ಪೊಲೀಸರಿಗೆ ಆ ದಾರಿಯಿಲ್ಲ. ಸಂಘ ಕಟ್ಟುವ ಹಕ್ಕನ್ನು 1966ರ ಕಾಯ್ದೆ ಕಟ್ಟಿಹಾಕಿದೆ. 2016ರ ಜೂನ್ 4ರ ಸಾಮೂಹಿಕ ರಜೆಯ ಕರೆ ಹತ್ತಿಕ್ಕಲ್ಪಟ್ಟಿತು. ಪೊಲೀಸರ ವೇತನ ಕುರಿತ ಔರಾದ್ಕರ್ ಸಮಿತಿಯ ವರದಿ 2019ರಲ್ಲಿ ಜಾರಿಯಾಗಿ ವೇತನವೇನೋ ಸುಧಾರಿಸಿತು. ಹಳಬರಿಗೆ ಏರಿದ ಮೂಲ ವೇತನವೇ ಪಿಂಚಣಿಯನ್ನೂ ಏರಿಸುತ್ತದೆ; ಹೊಸಬರಿಗೆ ಏರಿದ್ದು ವಂತಿಗೆ ಮಾತ್ರ.

2006ರ ಗೆರೆ ಅಳಿಸಲಾಗದ್ದೇನಲ್ಲ. ಆ ದಿನಾಂಕಕ್ಕೆ ಮುಂಚೆ ಅಧಿಸೂಚನೆಯಾಗಿ ಆಮೇಲೆ ನೇಮಕಗೊಂಡ ಸುಮಾರು 13,000 ನೌಕರರಿಗೆ 2024ರ ಜನವರಿಯಲ್ಲಿ ಸರ್ಕಾರವೇ ಹಳೆ ಪಿಂಚಣಿಯ ಬಾಗಿಲು ತೆರೆಯಿತು. ಕೇಂದ್ರದ ಏಕೀಕೃತ ಪಿಂಚಣಿ ಯೋಜನೆಯೂ 2025ರ ಏಪ್ರಿಲ್‌ನಿಂದ, 25 ವರ್ಷ ದುಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧದಷ್ಟನ್ನು ಖಾತ್ರಿಪಡಿಸಿದೆ. ಎಲ್ಲ ಇಲಾಖೆಗಳಿಗೂ ಒಮ್ಮೆಲೇ ಹಳೆ ಪದ್ಧತಿ ತರಲು ಬೊಕ್ಕಸ ಒಪ್ಪದಿದ್ದರೆ, ಮುಷ್ಕರ ಹೂಡಲಾರದ ಪೊಲೀಸರನ್ನೂ ಬೆಂಕಿ-ನೀರಿಗೆ ಇಳಿಯುವ ಅಗ್ನಿಶಾಮಕರನ್ನೂ ಪ್ರತ್ಯೇಕ ವರ್ಗವೆಂದು ಪರಿಗಣಿಸಿ, ತುಟ್ಟಿಭತ್ಯೆ ಸಹಿತ ನಿಶ್ಚಿತ ಪಿಂಚಣಿಯನ್ನು ಸರ್ಕಾರ ಮೊದಲು ಇವರಿಗೆ ಕೊಡಲಿ.